ಲ್ಯಾಪ್‌ಟಾಪಲ್ಲಿ ಪಾಸ್, ಕಂಟೇನರಲ್ಲಿ ಫೇಲ್: ರೂಟ್ ಆಗಿ ಓಡಿಸಿದ್ರೆ ಮಾತ್ರ ಮೂರು ಟೆಸ್ಟ್ ಬೀಳ್ತಿವೆ

#1 ಪೈಪ್‌ಲೈನ್_ಪುಟ್ಟ

ಎರಡು ದಿನದಿಂದ ತಲೆ ಕೆರ್ಕೊಂಡು ಕೂತಿದೀನಿ. ಗೊತ್ತಿದ್ದೋರು ಸ್ವಲ್ಪ ಹೇಳಿ.

ಪೈಥಾನ್ 3.12 ಪ್ರಾಜೆಕ್ಟ್, ಒಟ್ಟು 412 ಟೆಸ್ಟ್. ನನ್ನ ಲ್ಯಾಪ್‌ಟಾಪಲ್ಲಿ ಎಲ್ಲ ಪಾಸ್. ಅದೇ ಕೋಡನ್ನ ಸಿಐನಲ್ಲಿ (ಪ್ರತಿ ಬದಲಾವಣೆಗೂ ಟೆಸ್ಟ್ ತಾನಾಗೇ ಓಡಿಸೋ ವ್ಯವಸ್ಥೆ) ಡಾಕರ್ ಕಂಟೇನರ್ (ಪ್ರೋಗ್ರಾಮಿಗೆ ಅಂತ ಬೇರ್ಪಡಿಸಿದ ಪುಟ್ಟ ಪರಿಸರ) ಒಳಗೆ ಓಡಿಸಿದ್ರೆ 409 ಪಾಸ್, 3 ಫೇಲ್. ಎಷ್ಟು ಸಲ ಓಡಿಸಿದ್ರೂ ಅದೇ ಮೂರು, ಅದೇ ಸಾಲು.

ಮೊದಲ್ನೇದು: ಕಾನ್ಫಿಗ್ ಫೈಲಿಗೆ ಚ್‌ಮಾಡ್ 000 ಮಾಡಿ (ಓದೋ, ಬರೆಯೋ, ಓಡಿಸೋ ಅನುಮತಿ ಎಲ್ಲ ತೆಗೆದು), ಓದೋಕೆ ಹೋದಾಗ ಪರ್ಮಿಷನ್ ಎರರ್ ಬರ್ಬೇಕು ಅಂತ ಪರೀಕ್ಷೆ. ಟೆಸ್ಟ್ ಓಡಿಸೋ ಟೂಲ್ ಪೈಟೆಸ್ಟ್ "ಡಿಡ್ ನಾಟ್ ರೈಸ್" (ಎರರ್ ಬರಲೇ ಇಲ್ಲ) ಅಂತ ಕೆಂಪಗೆ ಬರೆದು ನಿಲ್ಲುತ್ತೆ.

ಎರಡನೇದು: ಲಾಗ್ ಡೈರೆಕ್ಟರಿಗೆ 555 (ಓದಬಹುದು, ಬರೆಯೋ ಹಾಗಿಲ್ಲ) ಕೊಟ್ಟು, ಬರೆಯೋಕಾಗದೆ ಬೇರೆ ಡೈರೆಕ್ಟರಿಗೆ ಹೋಗುತ್ತಾ ಅಂತ ನೋಡೋದು. ಕಂಟೇನರಲ್ಲಿ ಎಲ್ಲಿಗೂ ಹೋಗಲ್ಲ, ಆ 555 ಡೈರೆಕ್ಟರಿಯಲ್ಲೇ ಆರಾಮಾಗಿ ಬರೆದು ಕೂರುತ್ತೆ.

ಮೂರನೇದು: ಬ್ಯಾಕಪ್ ಟಾರ್ ಫೈಲ್ (ಹಲವು ಫೈಲುಗಳ ಒಂದೇ ಗಂಟು) ಬಿಚ್ಚಿ, ಬಂದ ಫೈಲುಗಳ ಮಾಲೀಕ ಈಗ ಓಡ್ತಿರೋ ಯೂಸರೇನಾ ಅಂತ ನೋಡೋದು. ಕಂಟೇನರಲ್ಲಿ ಮಾಲೀಕನ ನಂಬರ್ (ಯುಐಡಿ) 0, ಅಂದ್ರೆ ಎಲ್ಲ ಅಧಿಕಾರ ಇರೋ ರೂಟ್ ಯೂಸರ್, ಬರ್ಬೇಕಿತ್ತು, 1000 ಬರ್ತಿದೆ.

ನಿನ್ನೆ ಸಂಜೆ ಕಂಟೇನರ್ ಒಳಗೇ ಹೋಗಿ ಕೈಯಾರೆ ಮಾಡಿ ನೋಡಿದೆ. ಚ್‌ಮಾಡ್ 000. ಎಲ್‌ಎಸ್ ಹೊಡೆದ್ರೆ ಸಾಲಾಗಿ ಹತ್ತು ಅಡ್ಡಗೆರೆ, ಒಂದು ಅಕ್ಷರ ಇಲ್ಲ. ಕ್ಯಾಟ್ ಹೊಡೆದೆ. ಫೈಲ್ ಪೂರ್ತಿ ಪರದೆ ಮೇಲೆ ಬಂತು! ನಾನು ಯಾರಪ್ಪ ಇಲ್ಲಿ ಅಂತ ಹೂ-ಆಮ್-ಐ ಕೇಳಿದ್ರೆ ಉತ್ತರ ರೂಟ್.

ಟೀಮಲ್ಲಿ ಒಬ್ಬರು "ರೂಟ್ ಆಗಿದ್ರೆ ಸ್ಕಿಪ್ ಮಾಡು" ಅಂತಾರೆ. ಇನ್ನೊಬ್ಬರು "ಆ ಟೆಸ್ಟೇ ತೆಗೆದುಹಾಕು" ಅಂತಾರೆ. ಏನ್ಮಾಡ್ಲಿ?

#2 ಅರ್ಧವಿರಾಮ

ರೂಟಿಗೆ ಬೀಗ ಇಲ್ಲ ಗುರು. ಅಷ್ಟೇ ಕತೆ.

#3 ಕರ್ನಲ್_ಕಾಕಾ

ಕತೆ ಸ್ವಲ್ಪ ಉದ್ದ ಇದೆ.

ಫೈಲ್ ತೆರೆಯುವಾಗ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಮೊದಲು ಚ್‌ಮಾಡ್ ಬದಲಿಸೋ ಆ ಒಂಬತ್ತು ಅನುಮತಿ ಬಿಟ್ ನೋಡುತ್ತೆ. ಅಲ್ಲಿ "ಆಗಲ್ಲ" ಅಂತ ಬಂದ್ರೆ ಕೊನೇದಾಗಿ ಇನ್ನೊಂದು ಕೇಳುತ್ತೆ: ಈ ಪ್ರೊಸೆಸ್ ಹತ್ರ ಕ್ಯಾಪ್-ಡ್ಯಾಕ್-ಓವರ್‌ರೈಡ್ (ಅನುಮತಿ ಬಿಟ್ ಮೀರೋ ಅಧಿಕಾರ) ಇದೆಯಾ? ಇದ್ರೆ ಬಾಗಿಲು ತೆಗಿ. ಲಿನಕ್ಸ್ 2.2ರಿಂದ ರೂಟಿನ ಅಧಿಕಾರವನ್ನ ಹೀಗೆ ತುಂಡು ತುಂಡಾಗಿ ಒಡೆದಿಟ್ಟಿದ್ದಾರೆ, ಒಂದೊಂದು ತುಂಡಿಗೂ ಕೇಪಬಿಲಿಟಿ ಅಂತ ಹೆಸರು. ಡಾಕರ್ ಸುಮ್ನೆ ಓಡಿಸಿದ್ರೆ ಒಳಗಿನ ರೂಟಿಗೆ 14 ತುಂಡು ಸಿಗುತ್ತೆ, ಅದರಲ್ಲಿ ಇದೂ ಒಂದು. ಇಮೇಜಲ್ಲಿ (ಕಂಟೇನರಿನ ಅಚ್ಚು) ಯೂಸರ್ ಅಂತ ಬರೀದಿದ್ರೆ ಒಳಗೆ ಇರೋದು ರೂಟೇ.

ನಂಬಿಕೆ ಬರ್ದಿದ್ರೆ ಡಾಕರ್ ರನ್ನಿಗೆ ಕ್ಯಾಪ್-ಡ್ರಾಪ್ ಕೊಟ್ಟು ಡ್ಯಾಕ್-ಓವರ್‌ರೈಡ್ ಒಂದನ್ನೇ ಕಿತ್ತುಹಾಕಿ, ಅದೇ ಚ್‌ಮಾಡ್ 000 ಮಾಡಿ, ಅದೇ ಕ್ಯಾಟ್ ಹೊಡೀರಿ. ಹೂ-ಆಮ್-ಐ ಆಗ್ಲೂ ರೂಟ್ ಅಂತಲೇ ಹೇಳುತ್ತೆ, ಆದ್ರೆ ಪರ್ಮಿಷನ್ ಡಿನೈಡ್ ಬರುತ್ತೆ.

ಅಂದಹಾಗೆ #2, ಒಂದು ಬೀಗ ಇದೆ. ಎಕ್ಸಿಕ್ಯೂಟ್. ಮೂರು ಎಕ್ಸ್ ಬಿಟ್ಟಲ್ಲಿ ಒಂದಾದ್ರೂ ಇರದಿದ್ರೆ ರೂಟ್ ಕೂಡ ಆ ಫೈಲನ್ನ ಓಡಿಸೋಕಾಗಲ್ಲ.

#4 ಅರ್ಧವಿರಾಮ

ಸರಿ ಕಾಕಾ, ಒಂದು ಬೀಗ. ತಿದ್ದಿಕೊಂಡೆ.

#5 ಬೇಗಮುಗಿಸು

ಇಷ್ಟು ಪುರಾಣ ಯಾಕೆ? ಗೆಟ್-ಇ-ಯುಐಡಿ (ಈಗ ಓಡ್ತಿರೋ ಯೂಸರಿನ ನಂಬರ್) ಸೊನ್ನೆ ಆದ್ರೆ ಸ್ಕಿಪ್-ಇಫ್, ಅಂದ್ರೆ ಆ ಟೆಸ್ಟ್ ಬಿಟ್ಟುಬಿಡು. ಒಂದು ಸಾಲು. ಐದು ನಿಮಿಷದ ಕೆಲಸ. ಎಲ್ಲರೂ ಮಾಡೋದು ಇದೇ.

#6 ಟೆಸ್ಟಕ್ಕ

ಎಲ್ಲರೂ ಮಾಡ್ತಾರೆ ಅಂತಲೇ ಹೇಳ್ತಿದೀನಿ, ಮಾಡ್ಬೇಡಿ.

ಅವರ ಸಿಐ ಯಾವಾಗಲೂ ರೂಟ್. ಹಾಗಿದ್ಮೇಲೆ ಸ್ಕಿಪ್ ಹಾಕಿದ ಟೆಸ್ಟ್ ಸಿಐನಲ್ಲಿ ಓಡೋದು ಯಾವತ್ತು? ಯಾವತ್ತೂ ಇಲ್ಲ. ಹಸಿರು ಬಣ್ಣ ಬರುತ್ತೆ, ಆದ್ರೆ ಒಳಗಡೆ ಆ ಪರೀಕ್ಷೆ ಬರೆದವನೇ ಇಲ್ಲ.

ನನ್ನ ಹಿಂದಿನ ಕೆಲಸದಲ್ಲಿ ಇದೇ ಆಗಿತ್ತು. ಡಿಸ್ಕಿಗೆ ಬರೆಯೋಕಾಗದಿದ್ರೆ ಬೇರೆ ಜಾಗಕ್ಕೆ ಬರೆಯೋ ಕೋಡು. ಅದಕ್ಕೆ ಟೆಸ್ಟ್ ಇತ್ತು, ರೂಟ್ ಆದ್ರೆ ಸ್ಕಿಪ್ ಅಂತ ಯಾರೋ ಹಾಕಿ ಬಿಟ್ಟುಹೋಗಿದ್ರು. ಆಮೇಲೆ ಯಾರೋ ಆ ಫಂಕ್ಷನ್ ತಿದ್ದುವಾಗ ಎಕ್ಸೆಪ್ಟ್ ಸಾಲಲ್ಲಿ ಎಕ್ಸೆಪ್ಷನ್ ಹೆಸರಿನ ಕಾಗುಣಿತ ತಪ್ಪಿಸಿದ್ರು. ಪೈಥಾನಲ್ಲಿ ಆ ಸಾಲು ಮೌಲ್ಯಮಾಪನ ಆಗೋದು ಎಕ್ಸೆಪ್ಷನ್ ನಿಜವಾಗಿ ಬಂದಾಗ ಮಾತ್ರ. ಅಲ್ಲೀವರೆಗೂ ಆ ತಪ್ಪು ಉಸಿರೇ ಬಿಡಲ್ಲ. ಒಂದಿನ ಪ್ರೊಡಕ್ಷನಲ್ಲಿ ಡೈರೆಕ್ಟರಿ ಪರ್ಮಿಷನ್ ಕೆಟ್ಟಿತು, ಫಾಲ್‌ಬ್ಯಾಕ್ ಆಗೋ ಬದಲು ನೇಮ್ ಎರರ್ ಬಂದು ಸರ್ವಿಸ್ಸೇ ಮಲಗಿತು. ಸ್ಕಿಪ್ ಹಾಕಿದ ಕಮಿಟ್ ನೋಡಿದ್ರೆ ಮೂರು ವರ್ಷ ಹಳೇದು. ಸಂದೇಶ: "ಸಿಐ ಸರಿಮಾಡಿದೆ".

#7 ಬೇಗಮುಗಿಸು

ಅದು ಸ್ಕಿಪ್ಪಿನ ತಪ್ಪಲ್ಲ, ಲಿಂಟರ್ (ಓಡಿಸದೇ ಕೋಡಿನ ತಪ್ಪು ಹುಡುಕೋ ಟೂಲ್) ಹಾಕದೇ ಇದ್ದದ್ದು ತಪ್ಪು.

#8 ಟೆಸ್ಟಕ್ಕ

ಲಿಂಟರ್ ಇತ್ತು. ಅದನ್ನೂ ಆ ಫೈಲಿಗೆ ಸ್ಕಿಪ್ ಮಾಡಿದ್ರು 🙂

#9 ಹಳೇಟರ್ಮಿನಲ್

ಇಬ್ರೂ ಜಗಳ ನಿಲ್ಲಿಸ್ರಿ. ಇದು ಇವತ್ತಿನ ಸಮಸ್ಯೆ ಅಲ್ರಿ, ದೊಡ್ಡ ದೊಡ್ಡ ಪ್ರಾಜೆಕ್ಟಿನವ್ರಿಗೂ ಐತಿ. ಗಿಟ್‌ನ ಟೆಸ್ಟ್ ಸೂಟ್ ನೋಡ್ರಿ, ಸ್ಯಾನಿಟಿ ಅಂತ ಒಂದು ಷರತ್ತು ಇಟ್ಟಾರ. ಪರ್ಮಿಷನ್ ಬಿಟ್ ತೆಗೆದ್ರ ಫೈಲ್ ನಿಜವಾಗ್ಲೂ ಓದಾಕ ಬರೂದಿಲ್ಲ ಅನ್ನೂ ಸಿಸ್ಟಮ್ಮಿನಾಗ ಮಾತ್ರ ಆ ಟೆಸ್ಟ್ ಓಡತಾವ. ರೂಟ್ ಆಗಿದ್ರ ಸ್ಯಾನಿಟಿ ಇಲ್ಲ! ಹೆಸರು ಇಟ್ಟವ್ರಿಗೆ ಒಂದು ನಮಸ್ಕಾರ.

ಗ್ನೂ ಕೋರ್‌ಯುಟಿಲ್ಸ್‌ನಾಗ (ಎಲ್‌ಎಸ್, ಕ್ಯಾಟ್ ಇರೂ ಪ್ಯಾಕೇಜ್) ಎರಡೂ ಕಡೆ ಐತಿ. ರೂಟ್ ಆದ್ರ ಸ್ಕಿಪ್ ಆಗೂ ಟೆಸ್ಟ್ ಒಂದಿಷ್ಟು, ರೂಟ್ ಆದ್ರ ಮಾತ್ರ ಓಡೂ ಟೆಸ್ಟ್ ಒಂದಿಷ್ಟು. ಎರಡನೇದಕ್ಕ ಮೇಕ್ ಚೆಕ್-ರೂಟ್ ಅಂತ ಬೇರೇನ ಗುರಿ ಇಟ್ಟಾರ. ಅಂದ್ರ ಅವರು ಎರಡು ಸಲ ಓಡಸ್ತಾರ. ಸ್ಕಿಪ್ ಹಾಕೂದು ಪಾಪ ಅಲ್ಲ, ಸ್ಕಿಪ್ ಹಾಕಿ ಇನ್ನೊಂದು ಸಲ ಓಡಿಸದ ಬಿಡೂದು ಪಾಪ.

#10 ಮೂಲಸೆಲೆ

ಸ್ಕಿಪ್ ಹಾಕೋದಾದ್ರೂ ಯುಐಡಿ ನೋಡಿ ಹಾಕ್ಬೇಡಿ. ಯುಐಡಿ ಸೊನ್ನೆ ಅನ್ನೋದು ಹೆಸರು ಅಷ್ಟೇ, ಅಧಿಕಾರ ಇರೋದು ಬೇರೆ ಕಡೆ. ಎಡವಟ್ಟಾಗೋ ಜಾಗಗಳು:

ಫೇಕ್‌ರೂಟ್ (ರೂಟ್ ಅಂತ ನಟಿಸೋ ಟೂಲ್) ಒಳಗೆ ಗೆಟ್-ಇ-ಯುಐಡಿ ಸೊನ್ನೆ ಅಂತ ಸುಳ್ಳು ಹೇಳುತ್ತೆ. ಹಿಂದೆ ಇರೋದು ಸಾಮಾನ್ಯ ಯೂಸರ್, ಬೀಗ ಕೆಲಸ ಮಾಡ್ತಾನೇ ಇರುತ್ತೆ. ನೀವು ಓಡಿಸಬಹುದಾದ ಟೆಸ್ಟನ್ನ ಸುಮ್ನೆ ಬಿಟ್ಟಹಾಗಾಯ್ತು.

ಕಾಕಾ ಹೇಳಿದ ಹಾಗೆ ಕೇಪಬಿಲಿಟಿ ಕಿತ್ತಿದ್ರೂ ಅಷ್ಟೇ, ಯುಐಡಿ ಸೊನ್ನೆ, ಬೀಗ ಭದ್ರ.

ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲಿನ ಫೈಲ್‌ಸಿಸ್ಟಮ್) ಮೇಲೆ ರೂಟ್-ಸ್ಕ್ವಾಷ್ ಇದ್ರೆ ಇನ್ನೂ ಮಜಾ. ಆ ಕಡೆ ಸರ್ವರ್ ನಿಮ್ಮ ರೂಟನ್ನ ನೋಬಡಿ (ಅಧಿಕಾರ ಇಲ್ಲದ ಯೂಸರ್) ಮಾಡಿಬಿಡುತ್ತೆ. ಮಾಮೂಲಿ ಯೂಸರಿಗೆ ಸಿಗೋ ಫೈಲು ರೂಟಿಗೆ ಸಿಗಲ್ಲ.

ಪೈಥಾನಿನ ಸ್ವಂತ ಟೆಸ್ಟ್ ಸೂಟ್ ಮಾಡೋದು ಸರಿಯಾದ ಕ್ರಮ. ಅಲ್ಲಿ ಕ್ಯಾನ್-ಡ್ಯಾಕ್-ಓವರ್‌ರೈಡ್ ಅಂತ ಒಂದು ಸಹಾಯಕ ಫಂಕ್ಷನ್ ಇದೆ. ಅದು ಯಾರು ನೀನು ಅಂತ ಕೇಳಲ್ಲ. ಒಂದು ತಾತ್ಕಾಲಿಕ ಫೈಲ್ ಮಾಡಿ, ಚ್‌ಮಾಡ್ 400 ಮಾಡಿ, ಬರೆಯೋಕೆ ತೆರೆದು ನೋಡುತ್ತೆ. ತೆರೆದ್ರೆ ಅಧಿಕಾರ ಇದೆ, ಪರ್ಮಿಷನ್ ಎರರ್ ಬಂದ್ರೆ ಇಲ್ಲ. ಹತ್ತು ಸಾಲು. ನಕಲು ಮಾಡಿಕೊಳ್ಳಿ.

#11 ಸುಮ್ಮನೆ_ಕೇಳ್ತೀನಿ

ಡಾಕರ್ ಬದಲು ರೂಟ್‌ಲೆಸ್ ಪಾಡ್‌ಮನ್ ಬಳಸಿದ್ರೆ ಸರಿಹೋಗುತ್ತಾ? ಹೆಸರಲ್ಲೇ ರೂಟ್ ಇಲ್ಲ ಅಂತಿದೆಯಲ್ಲ.

#12 ಕರ್ನಲ್_ಕಾಕಾ

ಇಲ್ಲ. ರೂಟ್ ಇಲ್ಲ ಅನ್ನೋದು ಹೊರಗಡೆ ಲೆಕ್ಕ. ಯೂಸರ್ ನೇಮ್‌ಸ್ಪೇಸ್ (ಕಂಟೇನರಿನದೇ ಬೇರೆ ಯೂಸರ್ ನಂಬರ್ ಲೆಕ್ಕ) ಒಳಗೆ ನೀವು ಯುಐಡಿ 0, ಆ ನೇಮ್‌ಸ್ಪೇಸಿಗೆ ಮ್ಯಾಪ್ ಆಗಿರೋ ಫೈಲುಗಳ ಮೇಲೆ ಓವರ್‌ರೈಡ್ ಕೂಡ ಇರುತ್ತೆ. ಒಳಗೆ ಮಾಡಿದ ಚ್‌ಮಾಡ್ 000 ಫೈಲು ಒಳಗೆ ತೆರೆಯುತ್ತೆ. ಹೊರಗಿನ ಯಂತ್ರಕ್ಕೆ ಸುರಕ್ಷಿತ, ನಿಮ್ಮ ಟೆಸ್ಟಿಗೆ ವ್ಯತ್ಯಾಸ ಇಲ್ಲ.

#13 ಪೈಪ್‌ಲೈನ್_ಪುಟ್ಟ

ಒಂದನೇದು ಎರಡನೇದು ಅರ್ಥ ಆಯ್ತು, ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ಮೂರನೇದು? ಅಲ್ಲಿ ಚ್‌ಮಾಡೇ ಇಲ್ಲ. ಟಾರ್ ಬಿಚ್ಚೋದು, ಮಾಲೀಕನ್ನ ನೋಡೋದು, ಅಷ್ಟೇ.

#14 ಬೇಗಮುಗಿಸು

ಅದನ್ನೂ ಸ್ಕಿಪ್ ಮಾಡಿ. (ತಮಾಷೆಗೆ. ಅರ್ಧ ತಮಾಷೆಗೆ.)

#15 ಮಾಕ್‌ಪ್ರಿಯ

ನನ್ನ ಪ್ರಕಾರ ನಿಜವಾದ ಫೈಲ್‌ಸಿಸ್ಟಮ್ ಮುಟ್ಟೋದೇ ತಪ್ಪು. ಮಾಕ್ ಮಾಡಿ, ಅಂದ್ರೆ ಟೆಸ್ಟ್ ವೇಳೆ ಮಾತ್ರ ಮಂಕಿಪ್ಯಾಚ್ ಹಾಕಿ ಓಪನ್ ಫಂಕ್ಷನ್ ಪರ್ಮಿಷನ್ ಎರರ್ ಎಸೆಯೋ ಹಾಗೆ ಮಾಡಿ. ರೂಟೋ ಗೀಟೋ, ಎಲ್ಲ ಕಡೆ ಒಂದೇ ಫಲಿತಾಂಶ.

#16 ಟೆಸ್ಟಕ್ಕ

ಆಮೇಲೆ ಯಾರೋ ಓಪನ್ ಬದಲು ಪಾಥ್‌ಲಿಬ್ ಬಳಸ್ತಾರೆ, ಅಥವಾ ತೆರೆಯೋ ಮೊದಲು ಓಎಸ್-ಆಕ್ಸೆಸ್ ಕೇಳ್ತಾರೆ, ನಿಮ್ಮ ಮಾಕ್ ಗಾಳಿಯಲ್ಲಿ. ಎರರ್ ಬಂದ್ಮೇಲೆ ಏನಾಗ್ಬೇಕು ಅನ್ನೋದಷ್ಟೇ ಪರೀಕ್ಷೆ ಆದ್ರೆ ಮಾಕ್ ಸಾಕು, ಒಪ್ತೀನಿ. ಎರರ್ ಬರುತ್ತಾ ಅನ್ನೋದೇ ಪ್ರಶ್ನೆ ಆದ್ರೆ ಮಾಕ್ ಮಾಡೋದು ಪ್ರಶ್ನೆಪತ್ರಿಕೆ ಜೊತೆ ಉತ್ತರಾನೂ ಹಂಚಿದ ಹಾಗೆ.

#17 ಹಳೇಟರ್ಮಿನಲ್

ನಡುವಿನ ದಾರಿ ಐತ್ರಿ. ರೂಟಿಗೂ ಬೀಳೂ ಎರರ್ ಹುಡುಕ್ರಿ. ಲಾಗ್ ಡೈರೆಕ್ಟರಿ ಇರಬೇಕಾದ ಜಾಗದಾಗ ಒಂದು ಸಾದಾ ಫೈಲ್ ಇಡ್ರಿ, ಅದರೊಳಗ ಬರಿಯಾಕ ಹೋದ್ರ "ನಾಟ್ ಎ ಡೈರೆಕ್ಟರಿ" ಬರತೈತಿ, ರೂಟಪ್ಪ ಬಂದ್ರೂ ಅಷ್ಟ. ಡಿಸ್ಕ್ ತುಂಬಿದ್ರ ಏನಾಕ್ಕೈತಿ ಅಂತ ನೋಡಬೇಕಂದ್ರ ಡೆವ್-ಫುಲ್‌ಗೆ ಬರೀರಿ, ಪ್ರತಿ ಸಲ "ಜಾಗ ಇಲ್ಲ" ಅಂತದ. ಹೆಸರು 255 ಬೈಟ್ ದಾಟಿದ್ರ ಅದೂ ಬೀಳತೈತಿ. ರೀಡ್-ಓನ್ಲಿ ಮೌಂಟ್ ಮಾಡಿದ್ರ ರೂಟಿಗೂ ಬರಿಯಾಕ ಬರೂದಿಲ್ಲ.

ನಿಮ್ಮ ಎರಡನೇ ಟೆಸ್ಟಿಗೆ ಮೊದಲ್ನೇದು ಸಾಕು ಅನಸ್ತೈತಿ, ಕೋಡು ಓಎಸ್-ಎರರ್ ಪೂರಾ ಹಿಡಿಯೂ ಹಂಗಿದ್ರ.

#18 ಪೈಪ್‌ಲೈನ್_ಪುಟ್ಟ

ಇಲ್ಲ, ನಮ್ಮ ಕೋಡು ಪರ್ಮಿಷನ್ ಎರರ್ ಮಾತ್ರ ಹಿಡಿಯುತ್ತೆ. ಡಿಸ್ಕ್ ತುಂಬಿದ್ರೆ ಏನಾಗುತ್ತೆ ಅಂತ ಯೋಚನೆ ಮಾಡೇ ಇರ್ಲಿಲ್ಲ. ಅದು ಬೇರೆ ತಲೆನೋವು ಈಗ.

#19 ಲಾಗ್_ಓದುಗ

ಮೂರನೇದರ ಬಗ್ಗೆ. ಪುಟ್ಟ, ಆ ಟಾರ್ ಫೈಲ್ ಮಾಡಿದ್ದು ಎಲ್ಲಿ? ನಿಮ್ಮ ಲ್ಯಾಪ್‌ಟಾಪಲ್ಲಿ ತಾನೇ? ಅಲ್ಲಿ ನಿಮ್ಮ ಯುಐಡಿ 1000 ತಾನೇ?

#20 ಪೈಪ್‌ಲೈನ್_ಪುಟ್ಟ

ಹೌದು, ಹೌದು.

#21 ಲಾಗ್_ಓದುಗ

ಹಾಗಾದ್ರೆ ಸಿಕ್ಕಿತು.

ಟಾರ್ ಒಳಗೆ ಪ್ರತಿ ಫೈಲಿನ ಜೊತೆ ಮಾಲೀಕನ ಹೆಸರು, ನಂಬರು ಎರಡೂ ಬರೆದಿರುತ್ತೆ. ಮಾಮೂಲಿ ಯೂಸರ್ ಬಿಚ್ಚಿದ್ರೆ ಮಾಲೀಕತ್ವ ಬದಲಾಯಿಸೋ ಅಧಿಕಾರ ಇಲ್ಲ, ಹಾಗಾಗಿ ಬಿಚ್ಚಿದವನದೇ ಫೈಲು. ರೂಟ್ ಬಿಚ್ಚಿದ್ರೆ ಒಳಗೆ ಬರೆದಿರೋ ಮಾಲೀಕನಿಗೇ ಕೊಡುತ್ತೆ. ಟಾರ್ ಕಮಾಂಡ್ ಮಾಡೋದೂ ಹಾಗೇ, ಪೈಥಾನಿನ ಟಾರ್‌ಫೈಲ್ ಮಾಡೋದೂ ಹಾಗೇ. ಗೆಟ್-ಇ-ಯುಐಡಿ ಸೊನ್ನೆನಾ ಅಂತ ನೋಡಿಯೇ ಅದು ಚೋನ್ (ಮಾಲೀಕನ ಬದಲಾವಣೆ) ಮಾಡೋದು. ಮೊದಲು ಹೆಸರು ಹುಡುಕುತ್ತೆ. ನಿಮ್ಮ ಹೆಸರಿನ ಯೂಸರ್ ಕಂಟೇನರಲ್ಲಿ ಇಲ್ಲ, ಆಗ ನಂಬರ್ ತಗೊಳ್ಳುತ್ತೆ. ಅದೇ ನಿಮ್ಮ 1000. ಕಂಟೇನರಲ್ಲಿ ಎಲ್‌ಎಸ್ ಹೊಡೀರಿ, ಮಾಲೀಕನ ಕಾಲಮ್ಮಲ್ಲಿ ಹೆಸರಿಲ್ಲದೆ ಬೋಳು 1000 ಕಾಣುತ್ತೆ.

ಈಗ ಮುಖ್ಯ ಪ್ರಶ್ನೆ. ಪ್ರೊಡಕ್ಷನಲ್ಲಿ ಈ ಬ್ಯಾಕಪ್ ಬಿಚ್ಚೋ ಕೋಡು ಯಾವ ಯೂಸರ್ ಆಗಿ ಓಡುತ್ತೆ? ಟಾರ್ ಕೊಡೋದು ಯಾರು?

#22 ಪೈಪ್‌ಲೈನ್_ಪುಟ್ಟ

ನೋಡಿ ಬಂದೆ. ಬೋಳು 1000, ನೀವು ಹೇಳಿದ ಹಾಗೇ.

ಪ್ರೊಡಕ್ಷನಲ್ಲಿ ರೂಟ್. ಟಾರ್ ಅಪ್‌ಲೋಡ್ ಮಾಡೋದು ಬಳಕೆದಾರರು.

😐

#23 ಅರ್ಧವಿರಾಮ

ಅಯ್ಯಯ್ಯೋ.

#24 ಟೆಸ್ಟಕ್ಕ

ಯಾರೋ ಮೂರನ್ನೂ ಸ್ಕಿಪ್ ಮಾಡಿ ಅಂತಿದ್ರಲ್ಲ, ಎಲ್ಲಿದಾರೆ?

#25 ಬೇಗಮುಗಿಸು

ಇಲ್ಲೇ ಇದೀನಿ. ಅರ್ಧ ತಮಾಷೆ ಅಂತ ಬರೆದಿದ್ದೆ. ಉಳಿದರ್ಧ ವಾಪಸ್ ತಗೊಂಡೆ.

#26 ಲಾಗ್_ಓದುಗ

ಟಾರ್ ಒಳಗೆ ಯಾವ ನಂಬರ್ ಬೇಕಾದ್ರೂ ಬರೆಯಬಹುದು. ಕಳಿಸಿದವನು ಹೇಳಿದ ಯೂಸರಿಗೆ ನಿಮ್ಮ ಸರ್ವರ್ ಫೈಲ್ ಬರೆದುಕೊಡ್ತಿದೆ. ಬರೀ ಮಾಲೀಕ ಅಲ್ಲ, ಸೆಟ್‌ಯುಐಡಿ ಬಿಟ್ಟೂ (ಯಾರು ಓಡಿಸಿದ್ರೂ ಫೈಲಿನ ಮಾಲೀಕನ ಅಧಿಕಾರ ಕೊಡೋದು) ಟಾರಲ್ಲಿ ಬರುತ್ತೆ.

ಪರಿಹಾರ ಸುಲಭ: ಬಿಚ್ಚೋವಾಗ ಫಿಲ್ಟರ್‌ಗೆ "ಡೇಟಾ" ಕೊಡಿ. ಅದು ಮಾಲೀಕನ ಮಾಹಿತಿ ಬಿಟ್ಟುಬಿಡುತ್ತೆ, ಸೆಟ್‌ಯುಐಡಿಯಂಥ ಬಿಟ್ ಅಳಿಸುತ್ತೆ, ಡೈರೆಕ್ಟರಿಯಿಂದ ಹೊರಗೆ ಜಿಗಿಯೋ ಪಾಥ್ ತಡೆಯುತ್ತೆ. ಪೈಥಾನ್ 3.14ರಲ್ಲಿ ಅದೇ ಡೀಫಾಲ್ಟ್. ನೀವು 3.12ರಲ್ಲಿದ್ದೀರಿ, ಫಿಲ್ಟರ್ ಕೊಡದಿದ್ರೆ ಡಿಪ್ರಿಕೇಷನ್ ವಾರ್ನಿಂಗ್ ಬರ್ತಿರಬೇಕಲ್ಲ?

#27 ಪೈಪ್‌ಲೈನ್_ಪುಟ್ಟ

ಬರ್ತಿದೆ. ಪೈಟೆಸ್ಟ್ ಕೊನೆಯಲ್ಲಿ ಹಳದಿ ಬಣ್ಣದಲ್ಲಿ. ನಾನು ಬರೀ ಕೆಂಪು ನೋಡ್ತಿದ್ದೆ.

#28 ಹಳೇಟರ್ಮಿನಲ್

ಇನ್ನೊಂದು ನೋಡ್ರಿ. ನಿಮ್ಮ ಲ್ಯಾಪ್‌ಟಾಪಿನಾಗ ಆ ಟೆಸ್ಟ್ ಎಂದೂ ಬೀಳಾಕ ಸಾಧ್ಯನ ಇರಲಿಲ್ಲ. ಬಿಚ್ಚಿದವನೂ ನೀವ, ಟಾರಿನಾಗ ಇರೂ ನಂಬರೂ ನಿಮ್ದ. ಟೆಸ್ಟ್ ಫಿಕ್ಸ್ಚರಿನಾಗ (ಟೆಸ್ಟಿಗಂತ ಇಟ್ಟ ಮಾದರಿ ಟಾರ್) 4242 ಅಂತ ಯಾರದೂ ಅಲ್ಲದ ನಂಬರ್ ಹಾಕಿ, ರೂಟ್ ಆಗಿ ಮಾತ್ರ ಓಡೂ ಟೆಸ್ಟ್ ಒಂದು ಬರೀರಿ.

#29 ಮೂಲಸೆಲೆ

ಈಗ ಇಮೇಜ್ ಕಡೆ ಬನ್ನಿ. ಡಾಕರ್‌ಫೈಲಲ್ಲಿ ಪ್ಯಾಕೇಜ್ ಹಾಕೋ ಕೆಲಸ ಎಲ್ಲ ಮುಗಿದ್ಮೇಲೆ ಯೂಸರ್-ಆ್ಯಡ್ ಮಾಡಿ ಟೆಸ್ಟರ್ ಅಂತ ಒಬ್ಬನ್ನ ಸೇರಿಸಿ, ಹೋಮ್ ಡೈರೆಕ್ಟರಿ ಸಮೇತ. ಆಮೇಲೆ ಯೂಸರ್ ಟೆಸ್ಟರ್ ಅನ್ನೋ ಸಾಲು. ಜನ ಎಡವೋದು ಕಾಪಿ ಸಾಲಲ್ಲಿ: ಯೂಸರ್ ಬದಲಾಯಿಸಿದ ನಂತರ ಕಾಪಿ ಮಾಡಿದ್ರೂ ಫೈಲುಗಳು ರೂಟಿನದೇ ಆಗಿರುತ್ತೆ. ಕಾಪಿಗೆ ಚೋನ್ ಆಯ್ಕೆ ಕೊಡ್ಲೇಬೇಕು.

ಇಮೇಜ್ ಮುಟ್ಟೋ ಹಾಗಿಲ್ಲ ಅಂದ್ರೆ ಓಡಿಸೋ ಸಾಲಲ್ಲೇ ಸೆಟ್‌ಪ್ರಿವ್ (ಬೇರೆ ಯೂಸರ್ ಆಗಿ ಓಡಿಸೋ ಕಮಾಂಡ್) ಬಳಸಿ. ಯುಟಿಲ್-ಲಿನಕ್ಸ್ ಪ್ಯಾಕೇಜಲ್ಲಿ ಬರುತ್ತೆ. ರೀ-ಯುಐಡಿ, ರೀ-ಜಿಐಡಿ, ಕ್ಲಿಯರ್-ಗ್ರೂಪ್ಸ್ ಮೂರೂ ಕೊಡಿ. ಆದ್ರೆ ಹೋಮ್ ವೇರಿಯಬಲ್ ಅದು ಮುಟ್ಟಲ್ಲ, ಅಲ್ಲಿ ರೂಟಿನ ಹೋಮೇ ಉಳಿದಿರುತ್ತೆ. ಕ್ಯಾಶ್ ಬರೆಯೋಕೆ ಹೋದ ಎಲ್ಲ ಟೂಲೂ ಗೋಳಾಡುತ್ತೆ. ಹೋಮ್ ನೀವೇ ಹಾಕಿ.

#30 ಸುಮ್ಮನೆ_ಕೇಳ್ತೀನಿ

ಡಾಕರ್ ರನ್ನಿಗೆ ನೇರವಾಗಿ ನನ್ನ ಯುಐಡಿ ನಂಬರ್ ಕೊಟ್ರೆ ಆಗಲ್ವಾ? ಯೂಸರ್-ಆ್ಯಡ್ ಯಾಕೆ?

#31 ಮೂಲಸೆಲೆ

ಆಗುತ್ತೆ, ಅರ್ಧ. ಆ ನಂಬರಿಗೆ ಪಾಸ್‌ವರ್ಡ್ ಫೈಲಲ್ಲಿ ಸಾಲು ಇರಲ್ಲ. ಬ್ಯಾಷ್ ತೆರೆದ್ರೆ ಪ್ರಾಂಪ್ಟಲ್ಲಿ "ಐ ಹ್ಯಾವ್ ನೋ ನೇಮ್" ಅಂತ ಬರುತ್ತೆ, ಅನಾಥ ಮಗು ತರ. ಹೋಮ್ ಬರೀ ಓರೆಗೆರೆ ಆಗಿರುತ್ತೆ. ಪೈಥಾನಲ್ಲಿ ಯುಐಡಿಯಿಂದ ಹೆಸರು ಕೇಳೋ ಕೋಡು ಇದ್ರೆ ಕೀ-ಎರರ್.

#32 ಕಡಲ್ತೀರ_ಕೋಡು

ಮಾರಾಯ್ರೆ, ರೂಟ್ ಅಂದ ಕೂಡಲೇ ನೆನಪಾಯ್ತು. ವಿಷಯ ಸ್ವಲ್ಪ ಆಚೆ ಹೋಗ್ತದೆ, ಕ್ಷಮಿಸಿ.

ಒಮ್ಮೆ ಒಂದು ಟೆಸ್ಟ್ ಪರ್ಮಿಷನ್ ಎರರ್ ಅಂತ ಬೀಳ್ತಾ ಇತ್ತು. ನಾನು ಯೋಚನೆ ಮಾಡದೆ ಕಮಾಂಡಿನ ಮೊದಲಿಗೆ ಸುಡೊ (ರೂಟ್ ಆಗಿ ಓಡಿಸುವಂಥದ್ದು) ಸೇರಿಸಿ ಓಡಿಸಿದೆ. ಟೆಸ್ಟ್ ಮುಗಿದ ಮೇಲೆ ಸ್ವಚ್ಛ ಮಾಡ್ಲಿಕ್ಕೆ ಒಂದು ಶೆಲ್ ಸ್ಕ್ರಿಪ್ಟ್ ಉಂಟು: ವರ್ಕ್-ಡಿರ್ ಅಂತ ವೇರಿಯಬಲ್, ಅದರ ನಂತರ ಓರೆಗೆರೆ, ನಕ್ಷತ್ರ, ಎಲ್ಲದಕ್ಕೂ ಮೊದಲು ಆರ್‌ಎಮ್ ಆರ್‌ಎಫ್ (ಕೇಳದೆ ಎಲ್ಲ ಅಳಿಸು). ಸುಡೊ ಏನು ಮಾಡ್ತದೆ? ನಮ್ಮ ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನು ಗುಡಿಸಿ ಹಾಕ್ತದೆ. ವರ್ಕ್-ಡಿರ್ ಖಾಲಿ. ಉಳಿದದ್ದು ಓರೆಗೆರೆ, ನಕ್ಷತ್ರ, ಅಂದ್ರೆ ಬುಡದಿಂದ ಎಲ್ಲವೂ.

ಫ್ಯಾನ್ ಜೋರಾಗಿ ತಿರುಗ್ಲಿಕ್ಕೆ ಶುರುವಾದಾಗ ಕಂಟ್ರೋಲ್-ಸಿ ಹೊಡೆದೆ. ಅಷ್ಟರಲ್ಲಿ ಬಿನ್ ಹೋಗಿತ್ತು, ಬೂಟ್ ಹೋಗಿತ್ತು. ಆರ್‌ಎಮ್ ಅಕ್ಷರಮಾಲೆ ಪ್ರಕಾರ ಹೋಗಿದೆ, ಹಾಗಾಗಿ ಹೋಮ್ ಉಳೀತು. ಎಲ್‌ಎಸ್ ಹೊಡೆದ್ರೆ "ಕಮಾಂಡ್ ನಾಟ್ ಫೌಂಡ್". ಬೇರೆ ಯೂಸರ್ ಆಗಿದ್ರೆ ನೂರು ಪರ್ಮಿಷನ್ ಡಿನೈಡ್ ಬಂದು ಸುಮ್ನಾಗ್ತಿತ್ತು.

ಆವತ್ತಿಂದ ನಾನು ಅದನ್ನು "ಸುಡು" ಅಂತಲೇ ಓದೋದು.

#33 ಅರ್ಧವಿರಾಮ

ಸುಡು 😂 ಇವತ್ತಿಂದ ನಾನೂ.

#34 ಕರ್ನಲ್_ಕಾಕಾ

ನಕ್ಷತ್ರವನ್ನ ಬಿಡಿಸೋದು ಆರ್‌ಎಮ್ ಅಲ್ಲ, ಶೆಲ್. ಅಕ್ಷರಮಾಲೆ ಕ್ರಮ ಶೆಲ್ಲಿನ ಉಪಕಾರ. ಶೆಲ್ ಸ್ಕ್ರಿಪ್ಟಲ್ಲಿ ವೇರಿಯಬಲ್ ಹೆಸರಿನ ನಂತರ ಕೋಲನ್, ಪ್ರಶ್ನಾರ್ಥಕ ಚಿಹ್ನೆ ಹಾಕಿದ್ರೆ ಖಾಲಿ ಇದ್ದಾಗ ಅಲ್ಲೇ ನಿಲ್ಲುತ್ತೆ.

#35 ಕಡಲ್ತೀರ_ಕೋಡು

ಗೊತ್ತು ಕಾಕಾ. ಈಗ ಗೊತ್ತು.

#36 ಮಾಕ್‌ಪ್ರಿಯ

ಕೆಲವು ಸಾಫ್ಟ್‌ವೇರ್‌ಗಳೇ ವಾಸಿ, ರೂಟ್ ಕಂಡ್ರೆ ಬಾಗಿಲು ಹಾಕ್ಕೊಳ್ತವೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಇನಿಟ್-ಡಿಬಿ ರೂಟ್ ಆಗಿ ಓಡಲ್ಲ ಅಂತ ಖಡಾಖಂಡಿತ. ಎಲಾಸ್ಟಿಕ್‌ಸರ್ಚ್ ಕೂಡ. ನಮ್ಮ ಇಂಟಿಗ್ರೇಷನ್ ಟೆಸ್ಟಲ್ಲಿ ತಾತ್ಕಾಲಿಕ ಪೋಸ್ಟ್‌ಗ್ರೆಸ್ ಎಬ್ಬಿಸೋ ಲೈಬ್ರರಿ ಇದೇ ಕಾರಣಕ್ಕೆ ಕಂಟೇನರಲ್ಲಿ ಬೀಳ್ತಿತ್ತು.

#37 ಬೇಗಮುಗಿಸು

ಕ್ರೋಮ್ ಕೂಡ. ಅದಕ್ಕೆ ನೋ-ಸ್ಯಾಂಡ್‌ಬಾಕ್ಸ್ (ಪುಟದ ಕೋಡನ್ನ ಬೇಲಿಯೊಳಗಿಡೋ ರಕ್ಷಣೆ ಬೇಡ) ಕೊಟ್ರೆ ಮುಗೀತು.

#38 ಟೆಸ್ಟಕ್ಕ

ಮತ್ತೆ ಶುರು. ಕ್ರೋಮ್ ರೂಟ್ ಆಗಿ ಸ್ಯಾಂಡ್‌ಬಾಕ್ಸ್ ಜೊತೆ ಓಡಲ್ಲ ಅಂದ್ರೆ ಯೂಸರ್ ಬದಲಾಯಿಸೋದು ಬಿಟ್ಟು ಸ್ಯಾಂಡ್‌ಬಾಕ್ಸೇ ತೆಗೀತೀರಾ? ಬಾಗಿಲು ಕಿರುಗುಟ್ಟುತ್ತೆ ಅಂತ ಬಾಗಿಲು ಕಿತ್ತ ಹಾಗೆ.

#39 ಬೇಗಮುಗಿಸು

ಒಳಗೆ ತೆರೆಯೋದು ನಾವೇ ಬರೆದ ಪುಟ, ಹೊರಗಿನ ಇಂಟರ್ನೆಟ್ ಅಲ್ಲ. ಅಪಾಯ ಎಲ್ಲಿಂದ ಬರುತ್ತೆ?

#40 ಟೆಸ್ಟಕ್ಕ

ನೀವು ಬರೆದ ಪುಟ ಬೇರೆಯವರು ಬರೆದ ಎಷ್ಟು ಎನ್‌ಪಿಎಮ್ ಪ್ಯಾಕೇಜ್ ಎಳ್ಕೊಂಡು ಬರುತ್ತೆ ಎಣಿಸಿ, ಆಮೇಲೆ ಮಾತಾಡೋಣ.

#41 ಹಳೇಟರ್ಮಿನಲ್

ಟಾರ್, ಕೋರ್‌ಯುಟಿಲ್ಸ್ ಸೋರ್ಸಿನಿಂದ ಕಟ್ಟೂಮುಂದ ಕಾನ್ಫಿಗರ್ ಸ್ಕ್ರಿಪ್ಟ್ ಸೈತ ರೂಟ್ ಕಂಡ್ರ ನಿಲ್ತೈತಿ. ಫೋರ್ಸ್-ಅನ್‌ಸೇಫ್-ಕಾನ್ಫಿಗರ್ ಅಂತ ವೇರಿಯಬಲ್ ಕೊಟ್ರ ಮಾತ್ರ ಮುಂದ. ಹೆಸರಿನಾಗ ಬೈಗುಳ ಐತಿ. ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಪುಸ್ತಕದಾಗ ಟೆಸ್ಟ್ ಓಡಸಾಕಂತನ ಟೆಸ್ಟರ್ ಅಂತ ಯೂಸರ್ ಮಾಡಸ್ತಾರ, ಸೋರ್ಸ್ ಡೈರೆಕ್ಟರಿ ಪೂರಾ ಅವನ ಹೆಸರಿಗೆ ಚೋನ್ ಮಾಡಿ, ಎಸ್‌ಯು ಮಾಡಿ ಟೆಸ್ಟ್ ಓಡಸ್ತಾರ. ಎಲ್ಲಾ ಮುಗದ ಮ್ಯಾಲ ಆ ಬಡಪಾಯಿನ್ನ ಅಳಸ್ತಾರ.

#42 ಸುಮ್ಮನೆ_ಕೇಳ್ತೀನಿ

ನಮ್ಮಲ್ಲಿ ಉಲ್ಟಾ ಇದೆ. ಸಾಮಾನ್ಯ ಯೂಸರ್ ಪೋರ್ಟ್ 80 ಕೇಳಿದ್ರೆ ಎರರ್ ಬರ್ಬೇಕು ಅಂತ ಟೆಸ್ಟ್. ಕಂಟೇನರಲ್ಲಿ ಯೂಸರ್ ಬದಲಾಯಿಸಿದ ಮೇಲೂ ಪೋರ್ಟ್ ಸಿಕ್ಕಿಬಿಡುತ್ತೆ!

#43 ಕರ್ನಲ್_ಕಾಕಾ

ಡಾಕರ್ 20.10ರಿಂದ ಹಾಗೆ. ಐಪಿ-ಅನ್‌ಪ್ರಿವಿಲೆಜ್ಡ್-ಪೋರ್ಟ್-ಸ್ಟಾರ್ಟ್ ಅನ್ನೋ ಕರ್ನಲ್ ಸೆಟ್ಟಿಂಗನ್ನ ಕಂಟೇನರ್ ಒಳಗೆ ಸೊನ್ನೆ ಮಾಡಿಟ್ಟಿದ್ದಾರೆ. 1024ರ ಕೆಳಗೆ ರೂಟಿಗೆ ಮಾತ್ರ ಅನ್ನೋ ನಿಯಮ ಅಲ್ಲಿ ಇಲ್ಲ. ಪೋರ್ಟ್ 80 ಬಿಡಿ. ಟೆಸ್ಟಲ್ಲೇ ಒಂದು ಸಾಕೆಟ್ ತೆರೆದು ಹಿಡ್ಕೊಳ್ಳಿ, ಅದೇ ಪೋರ್ಟನ್ನ ಕೋಡು ಕೇಳಲಿ. "ಅಡ್ರೆಸ್ ಇನ್ ಯೂಸ್" ಎಲ್ಲ ಕಡೆ ಬರುತ್ತೆ.

#44 ಪೈಪ್‌ಲೈನ್_ಪುಟ್ಟ

ಅಪ್‌ಡೇಟ್. ಟೆಸ್ಟರ್ ಯೂಸರ್ ಹಾಕಿದೆ. ಒಂದನೇದು, ಎರಡನೇದು ಪಾಸ್! ಆದ್ರೆ ಹೊಸ ಎರಡು ತಲೆನೋವು.

ಒಂದು, ನಮ್ಮ ಬಿಲ್ಡ್ ಸ್ಕ್ರಿಪ್ಟ್ ಗಿಟ್‌ನಿಂದ ಆವೃತ್ತಿ ಕೇಳುತ್ತೆ. "ಡಿಟೆಕ್ಟೆಡ್ ಡ್ಯೂಬಿಯಸ್ ಓನರ್‌ಶಿಪ್" (ಮಾಲೀಕತ್ವ ಅನುಮಾನ) ಅಂತ ಸಾಯ್ತಿದೆ.

ಎರಡು, ಪೈಟೆಸ್ಟ್ ಕ್ಯಾಶ್ ಬರೆಯೋಕಾಗ್ತಿಲ್ಲ ಅಂತ ವಾರ್ನಿಂಗ್. ಈ ಸಲ ಹಳದಿಯನ್ನೂ ಓದ್ತಿದೀನಿ.

#45 ಲಾಗ್_ಓದುಗ

ಎರಡಕ್ಕೂ ಬೇರು ಒಂದೇ. ಹಳೇ ರೂಟ್ ಓಟಗಳು ವರ್ಕ್‌ಸ್ಪೇಸಲ್ಲಿ ಬಿಟ್ಟುಹೋದ ಫೈಲುಗಳು. ಪೈಕ್ಯಾಶ್, ಪೈಟೆಸ್ಟ್-ಕ್ಯಾಶ್, ಕವರೇಜ್ ಫೈಲ್, ಎಲ್ಲ ರೂಟಿನ ಹೆಸರಲ್ಲಿವೆ. ವರ್ಕ್‌ಸ್ಪೇಸ್ ಒಂದ್ಸಲ ಪೂರ್ತಿ ಒರೆಸಿ.

ಗಿಟ್ ವಿಷಯ: ಏಪ್ರಿಲ್ 2022ರಲ್ಲಿ 2.35.2 ಆವೃತ್ತಿಯಿಂದ, ರೆಪೊ ಡೈರೆಕ್ಟರಿ ಬೇರೆಯವರ ಹೆಸರಲ್ಲಿದ್ರೆ ಗಿಟ್ ಮುಟ್ಟಲ್ಲ. ಬೇರೆಯವರ ಕಾನ್ಫಿಗ್ ಓದಿ ಅವರ ಕಮಾಂಡ್ ನಿಮ್ಮ ಹೆಸರಲ್ಲಿ ಓಡೋ ತೊಂದರೆ ಇತ್ತು, ಅದಕ್ಕೆ ಹಾಕಿದ ಬೇಲಿ. ಚೆಕ್‌ಔಟ್ ಮಾಡಿದ ಯೂಸರೂ ಟೆಸ್ಟ್ ಓಡಿಸೋ ಯೂಸರೂ ಒಬ್ಬನೇ ಆಗೋ ಹಾಗೆ ಮಾಡಿ. ಆಗದಿದ್ರೆ ಗಿಟ್‌ನ ಸೇಫ್-ಡೈರೆಕ್ಟರಿ ಸೆಟ್ಟಿಂಗಿಗೆ ಆ ಒಂದು ಪಾಥ್ ಸೇರಿಸಿ. ಎಲ್ಲ ಡೈರೆಕ್ಟರಿಗೂ ಅನ್ವಯಿಸೋ ನಕ್ಷತ್ರ ಹಾಕ್ಬೇಡಿ.

#46 ಕಡಲ್ತೀರ_ಕೋಡು

ನಕ್ಷತ್ರದ ಬಗ್ಗೆ ನನ್ನ ಹತ್ರ ಕೇಳಿ.

#47 ಪೈಪ್‌ಲೈನ್_ಪುಟ್ಟ

ಆಯ್ತು ಎಲ್ಲ. ಕೊನೆಗೆ ಹೀಗೆ ಮಾಡಿದೆ: ಸಿಐನಲ್ಲಿ ಎರಡು ಜಾಬ್. ಒಂದು ಟೆಸ್ಟರ್ ಆಗಿ, ಇನ್ನೊಂದು ರೂಟ್ ಆಗಿ. ಪರ್ಮಿಷನ್ ಟೆಸ್ಟ್ ಎರಡಕ್ಕೂ ಸ್ಕಿಪ್ ಹಾಕಿದೀನಿ, ಆದ್ರೆ ಯುಐಡಿ ನೋಡಿ ಅಲ್ಲ, #10ರಲ್ಲಿ ಹೇಳಿದ ಹಾಗೆ ನಿಜವಾಗಿ ಫೈಲ್ ತೆರೆದು ನೋಡಿ. ಟಾರ್ ಕೋಡಿಗೆ ಡೇಟಾ ಫಿಲ್ಟರ್. 4242 ಹಾಕಿ ರೂಟ್ ಮಾತ್ರ ಓಡಿಸೋ ಹೊಸ ಟೆಸ್ಟ್. ಫಿಲ್ಟರ್ ತೆಗೆದು ಓಡಿಸಿದೆ, ಬಿತ್ತು, ವಾಪಸ್ ಹಾಕಿದೆ, ಎದ್ದಿತು. ಪ್ರೊಡಕ್ಷನ್ ರೂಟ್ ಬಿಡಿಸೋಕೆ ಬೇರೆ ಟಿಕೆಟ್ ತೆಗೆದಿದೀನಿ, ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಟೀಮಲ್ಲಿ ಈಗ "ಒಂದೇ ಟೆಸ್ಟ್ ಸೂಟಿಗೆ ಎರಡು ಜಾಬ್ ಯಾಕೆ, ಸಮಯ ಹಾಳು" ಅಂತ ಹೊಸ ರಾಗ.

#48 ಟೆಸ್ಟಕ್ಕ

ಎರಡು ಜಾಬಿನ ಸ್ಕಿಪ್ ಸಂಖ್ಯೆ ಎಷ್ಟೆಷ್ಟು? ಅದನ್ನ ಬರೆದು ತೋರಿಸಿ ಅವರಿಗೆ.

#49 ಪೈಪ್‌ಲೈನ್_ಪುಟ್ಟ

ಈಗ ಒಟ್ಟು 413. ಟೆಸ್ಟರ್ ಜಾಬ್: 412 ಪಾಸ್, 1 ಸ್ಕಿಪ್. ರೂಟ್ ಜಾಬ್: 411 ಪಾಸ್, 2 ಸ್ಕಿಪ್.

#50 ಬೇಗಮುಗಿಸು

ನಮ್ಮ ರೆಪೊದಲ್ಲಿ ಸ್ಕಿಪ್-ಇಫ್ ಹುಡುಕಿದೆ, ಸುಮ್ನೆ ಕುತೂಹಲಕ್ಕೆ. 17 ಇವೆ. ಹನ್ನೊಂದು ನನ್ನವೇ.